ಹಿಂದಿನ ಚಕ್ರಕ್ಕೆ ಡಿಸ್ಕ್ ಬಂತು, ಹ್ಯಾಂಡ್‌ಬ್ರೇಕ್ ಹೋಯಿತು: ಮುಂದೇನು?

ಪ್ರಶ್ನೆ: ನನ್ನ 1972ರ ಡಾಟ್ಸನ್ 240 ಝೆಡ್ ಕಾರಿನ ಹಿಂದಿನ ಡ್ರಮ್ ಬ್ರೇಕ್‌ಗಳನ್ನು ತೆಗೆಸಿ, ದೊಡ್ಡ ಡಿಸ್ಕ್ ಮತ್ತು ಅದನ್ನು ಎರಡೂ ಬದಿಯಿಂದ ಪ್ಯಾಡ್‌ಗಳಿಂದ ಅಮುಕುವ, ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ ಹಾಕಿಸಿದ್ದೇನೆ. ಈ ಕ್ಯಾಲಿಪರ್‌ಗೆ ಹ್ಯಾಂಡ್‌ಬ್ರೇಕ್ ಕೇಬಲ್ ಜೋಡಿಸಲು ಜಾಗವೇ ಇಲ್ಲ. ಬ್ರೇಕ್ ಆಯಿಲ್‌ನ ಒತ್ತಡವನ್ನು ಪೈಪಿನಲ್ಲೇ ಹಿಡಿದಿಡುವ ಲೈನ್ ಲಾಕ್ ಹಾಕಿಸಿದರೆ ಸಾಕೇ?

ಉತ್ತರ: ಸಾಲದು. ದಯವಿಟ್ಟು ಅದನ್ನು ನಂಬಿ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಪೈಪಿನಲ್ಲಿ ಸಿಕ್ಕಿಬಿದ್ದ ಆಯಿಲ್ ತಣ್ಣಗಾದಂತೆ ಕುಗ್ಗುತ್ತದೆ, ಸೀಲ್ ಕೊಂಚ ಜಿನುಗಿದರೂ ಒತ್ತಡ ಇಳಿಯುತ್ತದೆ. ಹೀಗಾಗಿ ನಿಲ್ಲಿಸಿದಾಗ ಗಟ್ಟಿಯಾಗಿದ್ದ ಹಿಡಿತ ಒಂದೆರಡು ಗಂಟೆಯಲ್ಲಿ ಸಡಿಲವಾಗಬಹುದು. ಕಾರುಗಳ ಬ್ರೇಕ್ ಕುರಿತ ವಿಶ್ವಸಂಸ್ಥೆಯ 13-ಎಚ್ ನಿಯಮಾವಳಿಯೂ ಪಾರ್ಕಿಂಗ್ ಬ್ರೇಕ್ ಕೇವಲ ಯಾಂತ್ರಿಕ ಸಾಧನದಿಂದಲೇ ಹಿಡಿದು ನಿಲ್ಲಬೇಕೆಂದು ಹೇಳುತ್ತದೆ. ಪೂರ್ತಿ ಭಾರ ಹೊತ್ತ ಕಾರನ್ನು ಶೇ. 20ರ ಏರಿನಲ್ಲೂ ಇಳಿಜಾರಿನಲ್ಲೂ ಅದು ನಿಲ್ಲಿಸಬೇಕು. ಕೈಯಿಂದ ಎಳೆಯುವ ಲಿವರ್‌ಗೆ 400 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು.

ನಿಮಗೆ ನಾನು ಸೂಚಿಸುವುದು ಅದೇ ಡಿಸ್ಕ್ ಮೇಲೆ ಕೂರುವ, ಕೇಬಲ್‌ನಿಂದ ಮಾತ್ರ ಕೆಲಸ ಮಾಡುವ ಪ್ರತ್ಯೇಕ ಸಣ್ಣ ಕ್ಯಾಲಿಪರ್. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನ ಹಿಂಬದಿಯ ಡಿಸ್ಕ್‌ಗಳಿಗೆ ಇಂಥದೇ ಏರ್ಪಾಡಿತ್ತು. ಪೋರ್ಷೆ 911ರಂತೆ ಡಿಸ್ಕ್‌ನ ಟೋಪಿಯಂಥ ನಡುಭಾಗದೊಳಗೆ ಪುಟ್ಟ ಡ್ರಮ್ ಇರಿಸುವುದು ಇನ್ನೂ ಅಚ್ಚುಕಟ್ಟು. ಆದರೆ ಅದಕ್ಕೆ ಡಿಸ್ಕನ್ನೂ ಹಬ್‌ನ ಜೋಡಣೆಯನ್ನೂ ಬದಲಿಸಬೇಕಾದೀತು.

ಮುಖ್ಯ ಪ್ರಶ್ನೆ ಬಲದ್ದು. ಡ್ರಮ್‌ನಲ್ಲಿ ಚಕ್ರ ತಿರುಗಲು ಹೊರಟಾಗ ಒಂದು ಶೂ (ಡ್ರಮ್‌ನ ಒಳಮೈಗೆ ಒತ್ತುವ ಬಾಗಿದ ಪಟ್ಟಿ) ತಾನಾಗಿಯೇ ಒಳಗೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಡಿಸ್ಕ್‌ನಲ್ಲಿ ಆ ನೆರವಿಲ್ಲ. 1,200 ಕಿಲೋ ತೂಗುವ ಕಾರನ್ನು ಶೇ. 20ರ ಇಳಿಜಾರಿನಲ್ಲಿ ತಡೆಯಲು ಸುಮಾರು 2,300 ನ್ಯೂಟನ್ ಬೇಕು. ಚಕ್ರದ ತ್ರಿಜ್ಯ 30 ಸೆಂ.ಮೀ., ಪ್ಯಾಡ್ ಒತ್ತುವ ಸ್ಥಳದ ತ್ರಿಜ್ಯ 12 ಸೆಂ.ಮೀ., ಘರ್ಷಣಾಂಕ 0.35 ಎಂದುಕೊಂಡರೆ ಪ್ರತಿ ಕ್ಯಾಲಿಪರ್ 4,000 ನ್ಯೂಟನ್‌ಗೂ ಹೆಚ್ಚು ಬಲದಿಂದ ಡಿಸ್ಕನ್ನು ಅಮುಕಬೇಕು. ಲಿವರ್ 400 ನ್ಯೂಟನ್ ಕೈಬಲವನ್ನು ಆರು ಪಟ್ಟು ಮಾಡಿ ಎರಡು ಕೇಬಲ್‌ಗಳಿಗೆ ಹಂಚಿ, ದಾರಿಯಲ್ಲಿ ಕಾಲುಭಾಗ ಘರ್ಷಣೆಗೆ ಹೋದರೆ ಪ್ರತಿ ಕ್ಯಾಲಿಪರ್‌ಗೆ ತಲುಪುವುದು 900 ನ್ಯೂಟನ್. ಅಂದರೆ ಕ್ಯಾಲಿಪರ್‌ನ ತೋಳು ಅದನ್ನು ಕನಿಷ್ಠ ನಾಲ್ಕೂವರೆ ಪಟ್ಟು ಹೆಚ್ಚಿಸಬೇಕು. ಈ ಅನುಪಾತವನ್ನು ವಿಚಾರಿಸದೆ, ಅಳತೆಗೆ ಕೂರುತ್ತದೆಂಬ ಒಂದೇ ಕಾರಣಕ್ಕೆ ಕ್ಯಾಲಿಪರ್ ಕೊಳ್ಳಬೇಡಿ. ಹಲವರು ಸೋಲುವುದು ಇಲ್ಲಿಯೇ.

ಅನುಪಾತ ಹೆಚ್ಚಿದಷ್ಟೂ ಕೇಬಲ್ ಹೆಚ್ಚು ದೂರ ಸರಿಯಬೇಕಾಗುತ್ತದೆ. ಆದ್ದರಿಂದ ಲಿವರನ್ನು ಪೂರ್ತಿ ಇಳಿಸಿ, ಕೇಬಲ್ ಸಡಿಲಿಸಿ, ಮೊದಲು ಕ್ಯಾಲಿಪರ್‌ನಲ್ಲೇ ಪ್ಯಾಡ್‌ನ ಅಂತರವನ್ನು ಹೊಂದಿಸಿ. ಅದರ ತೋಳು ಹಿಂದಿನ ತಡೆಗೆ ತಾಗಿರುವಾಗಲೇ ಕೇಬಲ್‌ನ ಸಡಿಲವನ್ನು ತೆಗೆಯಿರಿ. ಕೇಬಲ್‌ನಿಂದಲೇ ಪ್ಯಾಡ್‌ನ ಅಂತರವನ್ನು ಸರಿಪಡಿಸಲು ಹೋದರೆ ತೋಳಿನ ಚಲನೆ ಆರಂಭದಲ್ಲೇ ಖರ್ಚಾಗುತ್ತದೆ. ಹಿಂದಿನ ಸಸ್ಪೆನ್ಶನ್ ಪೂರ್ತಿ ಮೇಲೆ ಹೋದಾಗಲೂ ಕೆಳಗೆ ಇಳಿದಾಗಲೂ ಕೇಬಲ್ ಬಿಗಿಯಬಾರದು, ಟೈರಿಗಾಗಲಿ ಎಕ್ಸಾಸ್ಟ್ ಪೈಪಿಗಾಗಲಿ ತಾಗಬಾರದು.

ಬಿಸಿಯಾದ ಡಿಸ್ಕ್ ತಣಿದಾಗ ಕುಗ್ಗುವುದರಿಂದ ಯಾಂತ್ರಿಕ ಹಿಡಿತವೂ ತುಸು ಸಡಿಲಗೊಳ್ಳುತ್ತದೆ. ಮೊದಲ ಪರೀಕ್ಷೆಯನ್ನು ಕಾರು ಚೆನ್ನಾಗಿ ಓಡಿ ಬಂದ ಮೇಲೆ ಮಾಡಿ: ಚಕ್ರಗಳಿಗೆ ತುಸು ಅಂತರ ಬಿಟ್ಟು ಅಡ್ಡಗಟ್ಟೆ ಇಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಅರ್ಧ ಗಂಟೆ ಪಕ್ಕದಲ್ಲೇ ನಿಂತು ಗಮನಿಸಿ.