ನನ್ನ ದುಡ್ಡು ನಾನೇ ನೋಡ್ಕೊಳ್ತೀನಿ, ಏನು ಓದ್ಲಿ?

ಪ್ರಶ್ನೆ: ದಾವಣಗೆರೇಲಿ ಹೈಸ್ಕೂಲ್ ಟೀಚರ್ ನಾನು. ಇನ್ಮೇಲೆ ಏಜೆಂಟ್ ಸಹವಾಸ ಬಿಟ್ಟು ಮ್ಯೂಚುವಲ್ ಫಂಡು, ಷೇರು ಎಲ್ಲಾ ನಾನೇ ನೋಡ್ಕೊಳ್ಳೋಣ ಅಂತಿದೀನಿ. ಯೂಟ್ಯೂಬಲ್ಲಿ ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಟ್ಟೋಗಿದೆ. ಯಾವ ಪುಸ್ತಕ, ಯಾವ ವೆಬ್‌ಸೈಟ್ ನಂಬಬಹುದು?

ಉತ್ತರ: ಒಂದೇ ಪುಸ್ತಕ ತಗೊಳ್ಳೋದಾದ್ರೆ ಮೋನಿಕಾ ಹಲನ್ ಅವರ ‘ಲೆಟ್ಸ್ ಟಾಕ್ ಮನಿ’ ತಗೊಳ್ಳಿ. 2018ರದ್ದು, ಇಂಗ್ಲಿಷ್ ಸುಲಭವಾಗಿದೆ, ಎಮರ್ಜೆನ್ಸಿಗೆ ಅಂತ ದುಡ್ಡು, ಹೆಲ್ತ್ ಇನ್ಶೂರೆನ್ಸ್, ಟರ್ಮ್ ಪಾಲಿಸಿ (ಸತ್ರೆ ಮಾತ್ರ ಮನೆಯವರಿಗೆ ದುಡ್ಡು ಬರೋ ಜೀವ ವಿಮೆ) ಎಲ್ಲಾ ಸರಿ ಮಾಡ್ಕೊಂಡ್ಮೇಲೆ ಹೂಡಿಕೆ ಅಂತ ನಮ್ಮ ದೇಶದ ಲೆಕ್ಕಾಚಾರದಲ್ಲೇ ಬರೆದಿದಾರೆ. ಬೆಂಜಮಿನ್ ಗ್ರಹಾಂ ಅವರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ ಓದಿ ಅಂತ ಎಲ್ರೂ ಹೇಳ್ತಾರೆ, ದೊಡ್ಡ ಪುಸ್ತಕಾನೇ, ಆದ್ರೆ ಅದು 1949ರಲ್ಲಿ ಅಮೆರಿಕದವರಿಗೆ ಬರೆದಿದ್ದು, ಮೊದಲನೇ ಪುಟದಿಂದ ಶುರು ಮಾಡಿದ್ರೆ ಅಲ್ಲಿನ ಬಾಂಡುಗಳ (ಸಾಲಪತ್ರಗಳ) ಲೆಕ್ಕದಲ್ಲೇ ಸುಸ್ತಾಗ್ತೀರ. 8 ಮತ್ತೆ 20ನೇ ಅಧ್ಯಾಯ ಮೊದಲು ಓದಿ, ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅದರ ಮುನ್ನುಡೀಲಿ ಒತ್ತಿ ಹೇಳೋದೂ ಇವೆರಡನ್ನೇ. ಮಾರ್ಕೆಟ್ ಬಿದ್ದಾಗ ಕೈ ನಡುಗದೇ ಇರೋದು ಹೇಗೆ ಅಂತ 8ರಲ್ಲಿದೆ.

ವೆಬ್‌ಸೈಟ್ ವಿಷಯಕ್ಕೆ ಬಂದ್ರೆ, ಯಾವುದನ್ನೇ ತೆಗೆದ್ರೂ ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಮೊದಲು ಕೇಳ್ಕೊಳ್ಳಿ. ಬೆಂಗಳೂರಿನ ಝೆರೋಧಾದವರ ‘ವಾರ್ಸಿಟಿ’ ಪೂರ್ತಿ ಫ್ರೀ, ಫಂಡಮೆಂಟಲ್ ಅನಾಲಿಸಿಸ್ (ಕಂಪನಿಯ ವ್ಯಾಪಾರ, ಲಾಭ, ಸಾಲ ನೋಡಿ ಅಳೆಯೋದು) ಪಾಠ ನಿಜಕ್ಕೂ ಚೆನ್ನಾಗಿದೆ, ಆದ್ರೆ ಅವರು ಬ್ರೋಕರ್, ಜನ ವಹಿವಾಟು ಮಾಡಿದ್ರೆ ಅವರಿಗೆ ದುಡ್ಡು, ಆಪ್ಷನ್ಸ್ (ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲೆ ಮಾಡ್ಕೊಳ್ಳೋ ಒಪ್ಪಂದ) ಪಾಠಾನೂ ಅಲ್ಲೇ ಇದೆ. ಅದನ್ನ ಓದಿ ತಿಳ್ಕೊಳ್ಳಿ, ದುಡ್ಡು ಹಾಕೋಕೆ ಹೋಗ್ಬೇಡಿ. 2024ರ ಸೆಪ್ಟೆಂಬರಲ್ಲಿ ಸೆಬಿ (ಷೇರು ಮಾರುಕಟ್ಟೆ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ಬಿಟ್ಟ ಅಧ್ಯಯನದ ಪ್ರಕಾರ 3 ವರ್ಷದಲ್ಲಿ ಆಪ್ಷನ್ಸ್, ಅಂಥದ್ದೇ ಇನ್ನೊಂದು ಒಪ್ಪಂದ ಫ್ಯೂಚರ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳ್ಕೊಂಡಿದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಮಾರೋ ಉದ್ದೇಶ ಇಲ್ಲದ ಜಾಗ ಬೇಕು ಅಂದ್ರೆ ಸೆಬಿಯ ಇನ್ವೆಸ್ಟರ್ ವೆಬ್‌ಸೈಟ್ ನೋಡಿ, ಅಲ್ಲಿನ ಹಣಕಾಸು ಶಿಕ್ಷಣದ ಪುಸ್ತಿಕೆ ಕನ್ನಡದಲ್ಲೂ ಇದೆ. ನಿಮ್ಮ ಶಾಲೇಲೂ ಹಂಚಬಹುದು.

ಏಜೆಂಟ್ ಬಿಡ್ತೀನಿ ಅಂದಿದೀರಲ್ಲ, ಹಾಗಾದ್ರೆ ನಿಮ್ಮ ಫಂಡ್ ಸ್ಟೇಟ್‌ಮೆಂಟ್ ತೆಗೆದು ಸ್ಕೀಮ್ ಹೆಸರಲ್ಲಿ ‘ಡೈರೆಕ್ಟ್’ ಇದೆಯಾ ‘ರೆಗ್ಯುಲರ್’ ಇದೆಯಾ ನೋಡಿ. 2013ರ ಜನವರಿಯಿಂದ ಎರಡೂ ಇವೆ, ಫಂಡ್ ಅದೇ, ರೆಗ್ಯುಲರಲ್ಲಿ ಕಮಿಷನ್ ಸೇರಿರುತ್ತೆ. ಆ ಕಮಿಷನ್‌ಗೆ ವರ್ಷಕ್ಕೆ 1% ಹೋಗುತ್ತೆ ಅಂದ್ಕೊಳ್ಳಿ: ತಿಂಗಳಿಗೆ 10,000 ರೂಪಾಯಿ ಎಸ್‌ಐಪಿ (ಪ್ರತಿ ತಿಂಗಳು ಕಟ್ಟೋ ಕಂತು) 20 ವರ್ಷ ಕಟ್ಟಿದ್ರೆ, 12% ಬೆಳೆಯೋದಕ್ಕೂ 11% ಬೆಳೆಯೋದಕ್ಕೂ ಕೊನೇಲಿ ಸುಮಾರು 12 ಲಕ್ಷ ವ್ಯತ್ಯಾಸ ಬರುತ್ತೆ. ಪುಸ್ತಕ ತರಿಸೋಕೂ ಮುಂಚೆ ಇದನ್ನ ಇವತ್ತೇ ನೋಡಿ.

ಪ್ರಶ್ನೆ: ಷೇರು ತಗೊಳ್ಳೋಕೆ ಮುಂಚೆ ಆ ಕಂಪನಿ ಬಗ್ಗೆ ಎಲ್ಲಿ ಓದ್ಬೇಕು?

ಉತ್ತರ: ಕಂಪನಿಯದ್ದೇ ವಾರ್ಷಿಕ ವರದೀಲಿ. ಬಿಎಸ್‌ಇ (ಮುಂಬೈ ಷೇರು ವಿನಿಮಯ ಕೇಂದ್ರ) ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿದ್ರೆ ಫ್ರೀ ಸಿಗುತ್ತೆ. ಮುಂದಿನ ಬಣ್ಣಬಣ್ಣದ ಫೋಟೋ ಪುಟಗಳನ್ನ ಬಿಟ್ಬಿಡಿ, ಆಡಿಟರ್ ವರದಿ ಓದಿ, ಆಮೇಲೆ ಕ್ಯಾಶ್ ಫ್ಲೋ (ನಗದು ಬಂದುಹೋದ ಲೆಕ್ಕ) ಪುಟಕ್ಕೆ ಹೋಗಿ. ಲಾಭ 100 ಕೋಟಿ ಅಂತ ತೋರಿಸಿ ವ್ಯಾಪಾರದಿಂದ ಕೈಗೆ ಬಂದ ನಗದು 20 ಕೋಟಿ ಅಂತಿದ್ರೆ, ಅದೂ ವರ್ಷ ವರ್ಷ ಹಾಗೇ ಇದ್ರೆ, ಮಾಲು ಕೊಟ್ಟಿದಾರೆ ದುಡ್ಡು ವಸೂಲಾಗ್ತಿಲ್ಲ ಅಂತಲೋ, ಗೋಡೌನಲ್ಲಿ ಮಾಲು ಕೊಳೀತಿದೆ ಅಂತಲೋ ಇರಬಹುದು, ಅಲ್ಲಿ ಹುಷಾರು (ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ಹೊಂದಲ್ಲ). ಹತ್ತು ವರ್ಷದ ಅಂಕಿಅಂಶ ಒಂದೇ ಪುಟದಲ್ಲಿ ಬೇಕು ಅಂದ್ರೆ ‘ಸ್ಕ್ರೀನರ್’ ಅನ್ನೋ ಸೈಟ್ ಅನುಕೂಲ.

ಪ್ರಶ್ನೆ: ಟೆಲಿಗ್ರಾಂ ಗ್ರೂಪಲ್ಲಿ ಸೆಬಿ ನೋಂದಣಿ ನಂಬರ್ ತೋರಿಸಿ ಟಿಪ್ಸ್ ಕೊಡ್ತಾರೆ, ನಂಬಬಹುದಾ?

ಉತ್ತರ: ನಂಬರ್ ತೋರಿಸಿದ ಮಾತ್ರಕ್ಕೆ ನಂಬ್ಬೇಡಿ, ಬೇರೆಯವರ ನಂಬರ್ ಹಾಕ್ಕೊಂಡು ಮೋಸ ಮಾಡೋರು ಇದಾರೆ. ಸಲಹೆಗಾರರ ನಂಬರ್ ‘ಐಎನ್‌ಎ’, ರಿಸರ್ಚ್ ಅನಾಲಿಸ್ಟ್‌ದು ‘ಐಎನ್‌ಎಚ್’ ಅಂತ ಶುರುವಾಗುತ್ತೆ. ಸೆಬಿ ವೆಬ್‌ಸೈಟಲ್ಲಿ ಅದನ್ನ ಹುಡುಕಿ, ಅಲ್ಲಿರೋ ಹೆಸರು, ಇಮೇಲ್ ಇವರದ್ದೇನಾ ಅಂತ ತಾಳೆ ನೋಡಿ. ಗ್ಯಾರಂಟಿ ಲಾಭ ಅಂದ್ರೆ ಅಷ್ಟೂ ಬೇಡ, ಗ್ರೂಪ್ ಬಿಟ್ಟು ಬನ್ನಿ. ದುಡ್ಡು ಆಗ್ಲೇ ಕಳ್ಸಿಬಿಟ್ಟಿದ್ರೆ ನಾಚ್ಕೊಂಡು ಸುಮ್ನೆ ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.