ಮಿತ ಅಂದರೆ ಅರ್ಧಂಬರ್ಧ ಅಲ್ಲ

ಪ್ರಿಯ ಮೇಷ್ಟ್ರೇ,

ಹಳೆಯ ಗ್ರೀಸ್ ಮತ್ತು ಚೀನಾದಲ್ಲಿ ಮಕ್ಕಳಿಗೆ ಮಿತ ಕಲಿಸುತ್ತಿದ್ದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: “ಎಲ್ಲದರಲ್ಲೂ ನಡುವೆ ನಿಲ್ಲು ಅಂತ ಕಲಿಸಿದರೆ, ಮಕ್ಕಳು ಯಾವುದಕ್ಕೂ ಗಟ್ಟಿಯಾಗಿ ನಿಲ್ಲದವರಾಗುವುದಿಲ್ಲವೇ?” ಎರಡು ಸಾಲು ಬರೆದು ಮುಗಿಸುವ ಪ್ರಶ್ನೆ ಅಲ್ಲ ಇದು.

ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಗ್ರಂಥ ‘ನಿಕೋಮೇಕಿಯನ್ ಎಥಿಕ್ಸ್’ನಲ್ಲಿ ಊಟದ ಲೆಕ್ಕ ಹೇಳುತ್ತಾನೆ. ಹತ್ತು ಮಿನಾ (ಗ್ರೀಕರ ತೂಕದ ಅಳತೆ) ಊಟ ಜಾಸ್ತಿ, ಎರಡು ಮಿನಾ ಕಡಿಮೆ ಅಂದುಕೊಳ್ಳಿ. ಹಾಗಂತ ಗರಡಿಯ ಗುರು ಎಲ್ಲರಿಗೂ ಆರು ಬಡಿಸುವುದಿಲ್ಲ. ಕುಸ್ತಿಪಟು ಮಿಲೋಗೆ ಅಷ್ಟು ಸಾಲದು, ಹೊಸದಾಗಿ ಗರಡಿಗೆ ಬಂದ ಹುಡುಗನಿಗೆ ಅದೇ ಹೆಚ್ಚು. ಸಿಟ್ಟೂ ಹಾಗೇ. ಸಿಟ್ಟೇ ಬೇಡ ಅಂತ ಅವನು ಹೇಳಲಿಲ್ಲ. ಯಾರ ಮೇಲೆ, ಯಾವಾಗ, ಎಷ್ಟು ಅನ್ನುವುದು ಗೊತ್ತಿರಬೇಕು ಅಂದ. ಪಾಠ ಒಪ್ಪಿಸಿದರೆ ಇದು ಬರುವುದಿಲ್ಲ. ಧೈರ್ಯದ ಕೆಲಸ ಮಾಡಿ ಮಾಡಿಯೇ ಧೈರ್ಯ ಬರಬೇಕು. ಅದಕ್ಕೇ ಚಿಕ್ಕಂದಿನ ಅಭ್ಯಾಸಕ್ಕೆ ಅವನಲ್ಲಿ ಅಷ್ಟು ಬೆಲೆ.

ಚೀನಾದ ಗುರು ಕನ್ಫ್ಯೂಷಿಯಸ್ ತೀರಿಕೊಂಡದ್ದು ಕ್ರಿ.ಪೂ. 479ರಲ್ಲಿ, ಅರಿಸ್ಟಾಟಲ್ ಹುಟ್ಟುವ 95 ವರ್ಷ ಮೊದಲು. ಅವನ ಮಾತುಗಳ ಸಂಗ್ರಹ ‘ಅನಲೆಕ್ಟ್ಸ್’ನಲ್ಲಿರುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕೇಳಿದ್ದನ್ನು ಕೂಡಲೇ ಆಚರಣೆಗೆ ತರಬೇಕೇ ಅಂತ ಶಿಷ್ಯ ಝಿಲು ಕೇಳುತ್ತಾನೆ. “ಮನೆಯಲ್ಲಿ ಅಪ್ಪ, ಅಣ್ಣಂದಿರು ಇದ್ದಾರೆ, ಅದು ಹೇಗಾಗುತ್ತದೆ?” ಅನ್ನುತ್ತಾನೆ ಗುರು. ರಾನ್ ಯೂ ಅದನ್ನೇ ಕೇಳಿದಾಗ, “ಹೂಂ, ಕೂಡಲೇ ಮಾಡು” ಅನ್ನುತ್ತಾನೆ. ಎರಡನ್ನೂ ಕೇಳಿಸಿಕೊಂಡ ಇನ್ನೊಬ್ಬ ಶಿಷ್ಯನಿಗೆ ಗೊಂದಲ. ಆಗ ಗುರು ಬಿಡಿಸಿ ಹೇಳುತ್ತಾನೆ: ರಾನ್ ಯೂ ಹಿಂಜರಿಯುವವನು, ಅದಕ್ಕೇ ಮುಂದಕ್ಕೆ ತಳ್ಳಿದೆ. ಝಿಲುಗೆ ಇಬ್ಬರಿಗಾಗುವಷ್ಟು ಹುಮ್ಮಸ್ಸು, ಅದಕ್ಕೇ ಹಿಡಿದು ನಿಲ್ಲಿಸಿದೆ.

ನೋಡಿ, ಇಬ್ಬರ ಗುಣವೂ ಗುರುವಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿದೆ. ಮಕ್ಕಳನ್ನು ಒಬ್ಬೊಬ್ಬರಾಗಿ ಬಲ್ಲ ಮೇಷ್ಟ್ರಿಲ್ಲದೆ ಮಿತದ ಪಾಠ ನಡೆಯುವುದೇ ಇಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮುಂದೆ ಚೀನಾದಲ್ಲಿ ಮಧ್ಯಮ ಮಾರ್ಗವನ್ನೇ ಹೇಳುವ ‘ಝೊಂಗ್‌ಯೊಂಗ್’ ಸರ್ಕಾರಿ ಪರೀಕ್ಷೆಗೆ ಪಠ್ಯವಾಯಿತು. 1905ರಲ್ಲಿ ಆ ಪರೀಕ್ಷೆ ನಿಲ್ಲುವವರೆಗೂ ತಲೆಮಾರುಗಟ್ಟಲೆ ಹುಡುಗರು ಅದನ್ನು ಉರು ಹೊಡೆದರು. ನನಗೆ ಬೇಸರ ತರಿಸುವುದು ಅದೇ.

ಇನ್ನು ನಿಮ್ಮ ಭಯ. ಅದು ಅವರಿಬ್ಬರಿಗೂ ಇತ್ತು. ಕಳ್ಳತನಕ್ಕೆ, ಕೊಲೆಗೆ ಹಿತಮಿತ ಅನ್ನುವುದೇ ಇಲ್ಲ, ಎಷ್ಟು ಮಾಡಿದರೂ ತಪ್ಪೇ ಅಂದ ಅರಿಸ್ಟಾಟಲ್. ಕನ್ಫ್ಯೂಷಿಯಸ್ ಅಂತೂ ಊರವರಿಂದೆಲ್ಲ ಒಳ್ಳೆಯವನು ಅನ್ನಿಸಿಕೊಂಡು ಓಡಾಡುವ ದೊಡ್ಡ ಮನುಷ್ಯನನ್ನು ‘ಸದ್ಗುಣದ ಕಳ್ಳ’ ಅಂತಲೇ ಕರೆದ.

— ಸಂಪಾದಕ