ಕೇಳುಗರ ಕಟ್ಟೆ: ಹದಿಮೂರರಿಂದ ಶುರುವಾಗುವ ಸಿಡಿ

ಪ್ರಶ್ನೆ: ಅಣ್ಣ ಹಿಂದೆ ಗಲ್ಫಿನಿಂದ ತಂದಿದ್ದ ಅಮೆರಿಕದ ಕಾರ್ನ್ ಎಂಬ ರಾಕ್ ಬ್ಯಾಂಡಿನ ‘ಫಾಲೋ ದ ಲೀಡರ್’ ಸಿಡಿ ಅಟ್ಟದಲ್ಲಿ ಸಿಕ್ಕಿತು. ಪ್ಲೇಯರಿಗೆ ಹಾಕಿದರೆ 25 ಟ್ರ್ಯಾಕ್ ಅಂತ ತೋರಿಸುತ್ತದೆ. 1ರಿಂದ 12ರವರೆಗೆ ಒಂದು ಸದ್ದೂ ಇಲ್ಲ, 13ರಿಂದ ಸರಿ ಉಂಟು. ರಿಪೇರಿ ಆದೀತೇ, ಗುಜರಿಗೆ ಹಾಕಲೇ?
– ಓದುಗರೊಬ್ಬರು, ಮುಳ್ಳೇರಿಯ

ಗುಜರಿಗೆ ಹಾಕಬೇಡಿ ಮಾರಾಯ್ರೇ. ಇದೇ ಸಿಡಿಗೆ ನಾನು ಒಮ್ಮೆ ದಂಡ ತೆತ್ತವ.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ತಾಳಮದ್ದಳೆ, ಮಾಪ್ಪಿಳ ಪಾಟ್ಟ್, ಮಲಯಾಳ ಸಿನಿಮಾ ಹಾಡು, ಇಷ್ಟೇ ವ್ಯಾಪಾರ. ಕಾಲೇಜು ಹುಡುಗನೊಬ್ಬ ಗೋಗರೆದನೆಂದು ಮಂಗಳೂರಿನಿಂದ ಈ ಸಿಡಿ ತರಿಸಿಕೊಟ್ಟೆ. ಮಾರನೆಯ ದಿನವೇ ಹುಡುಗ ಹಾಜರ್: ‘ಅಣ್ಣಾ, ಅರ್ಧ ಖಾಲಿ!’ ನಾನು ಮಹಾ ತಿಳಿದವನ ಹಾಗೆ ಟೂತ್‌ಪೇಸ್ಟ್ ಹಚ್ಚಿ ಗರಗರ ಉಜ್ಜಿದೆ. ಅಲ್ಲಿಯವರೆಗೆ ಇಲ್ಲದಿದ್ದ ಗೀರುಗಳೂ ಬಂದವು. ಕೊನೆಗೆ ಹಣ ವಾಪಸು ಕೊಟ್ಟು ಸಿಡಿ ಇಟ್ಟುಕೊಂಡೆ.

ಆಗ ಸ್ವಲ್ಪ ತಲೆ ಓಡಿಸಿದ್ದರೆ ಸಾಕಿತ್ತು. ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಕ್ಕೆ ಓಡಿದರೆ ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ಎಷ್ಟು ಟ್ರ್ಯಾಕ್, ಯಾವುದು ಎಲ್ಲಿ ಎಂಬ ಪಟ್ಟಿ ನಡುವಿನ ತೂತಿನ ಹತ್ತಿರದ ಸುತ್ತಿನಲ್ಲಿರುತ್ತದೆ. ಮೊದಲ ಟ್ರ್ಯಾಕುಗಳೂ ಅದಕ್ಕೆ ತಾಗಿಯೇ ಇವೆ. ಒಳಸುತ್ತು ಪೂರಾ ಹಾಳಾಗಿದ್ದರೆ ನಿಮ್ಮ ಪ್ಲೇಯರ್ 25 ಅಂತ ತೋರಿಸುತ್ತಲೇ ಇರಲಿಲ್ಲ. ಗೀರು ಬಿದ್ದ ಸಿಡಿ ತೊದಲುತ್ತದೆ, ಹಾರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಪರದೆ ನೋಡಿ: ನಿಮ್ಮದರಲ್ಲಿ ಐದು ಸೆಕೆಂಡಿಗೊಮ್ಮೆ ಟ್ರ್ಯಾಕ್ ನಂಬರು ಸಲೀಸಾಗಿ ಮುಂದೆ ಹೋಗುತ್ತಿರಬೇಕು.

ಐದು ಸೆಕೆಂಡು, ಹನ್ನೆರಡು ಸಲ. ಲೆಕ್ಕ ಹಾಕಿ, ಸರಿಯಾಗಿ ಒಂದು ನಿಮಿಷ.

ಅದು ಮೌನಪ್ರಾರ್ಥನೆ. ಕ್ಯಾನ್ಸರ್ ಬಂದು ದಿನ ಎಣಿಸುತ್ತಿದ್ದ ಹುಡುಗನೊಬ್ಬ ಈ ಬ್ಯಾಂಡಿನವರನ್ನು ಕಾಣಬೇಕೆಂದು ಆಸೆಪಟ್ಟಿದ್ದ. ಅವರು ಅವನನ್ನು ಭೇಟಿಯಾದರು. ಅವನ ಹೆಸರಿನಲ್ಲೇ ಒಂದು ಹಾಡು ಮಾಡಿದರು, ಅವನಿಗಾಗಿ ಆಲ್ಬಮ್ಮಿನ ಬಾಗಿಲಲ್ಲಿ ಈ ಒಂದು ನಿಮಿಷ ಇಟ್ಟರು. ನಮ್ಮ ಕ್ಲಬ್ಬುಗಳ ವಾರ್ಷಿಕೋತ್ಸವದಲ್ಲಿ ಒಂದು ನಿಮಿಷದ ಮೌನ ಅಂದರೆ ನಲವತ್ತು ಸೆಕೆಂಡು. ಅಷ್ಟರಲ್ಲಿ ಯಾರೋ ಕೆಮ್ಮುತ್ತಾರೆ, ಮೈಕಿನವ ‘ಧನ್ಯವಾದ’ ಅನ್ನುತ್ತಾನೆ. ಇವರು ಅರವತ್ತನ್ನೂ ಹಿಡಿದಿಟ್ಟಿದ್ದಾರೆ. ಸಿಡಿಯ ನಿಯಮದಲ್ಲಿ ಒಂದು ಟ್ರ್ಯಾಕ್ ನಾಲ್ಕು ಸೆಕೆಂಡಿಗಿಂತ ಕಡಿಮೆ ಇರಬಾರದು, ಹಾಗಾಗಿ ಐದಕ್ಕೆ ಅಡ್ಡಿ ಇಲ್ಲ. 1998ರ ಆಗಸ್ಟಿನಲ್ಲಿ ಬಂದ ಈ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಒಂದನೇ ಸ್ಥಾನದಲ್ಲೇ ಹತ್ತಿತು. ಅಂಥ ಸರಕಿನ ಮೊದಲ ಒಂದು ನಿಮಿಷವನ್ನು ಖಾಲಿ ಬಿಡುವುದಕ್ಕೆ ಗುಂಡಿಗೆ ಬೇಕು. ಅಂಗಡಿ ಇಟ್ಟವನಾಗಿ ಹೇಳುತ್ತಿದ್ದೇನೆ.

ಇನ್ನು ಒರೆಸುವುದಿದ್ದರೆ ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ, ದೋಸೆಕಾವಲಿಗೆ ಎಣ್ಣೆ ಸವರಿದ ಹಾಗೆ ಸುತ್ತಬೇಡಿ. ಚಿತ್ರ ಇರುವ ಮೇಲ್ಮೈಯನ್ನು ಇನ್ನೂ ಜೋಪಾನ ಮಾಡಿ. ಹೊಳೆಯುವ ಪದರ ಅದರ ಅಡಿಯಲ್ಲೇ ಇರುವುದು.

ಪ್ರಶ್ನೆ: ಅದೇ ಆಲ್ಬಮ್ಮಿನ 14ನೇ ಹಾಡಿನ ನಡುವೆ ಗಾಯಕ ಏನು ಹೇಳುತ್ತಾನೆ? ಕೊನೆಯ ಹಾಡಿನ ಆರಂಭದಲ್ಲಿ ಕೇಳುವುದು ನಾಗಸ್ವರವೇ?
– ವಿದ್ಯಾರ್ಥಿನಿ, ಕುಂಬಳೆ

14ನೆಯದು ‘ಫ್ರೀಕ್ ಆನ್ ಎ ಲೀಶ್’. ಆ ಜಾಗದಲ್ಲಿ ಜೊನಾಥನ್ ಡೇವಿಸ್ ಏನೂ ಹೇಳುವುದಿಲ್ಲಮ್ಮ. ಅರ್ಥವಿಲ್ಲದ ಬರೀ ಉಚ್ಚಾರ, ಕಲಿಸುವಾಗ ಗುರುಗಳು ಬಾಯಲ್ಲೇ ಚೆಂಡೆ ಬಾರಿಸುತ್ತಾರಲ್ಲ, ಹಾಗೆ. ನಿಮ್ಮ ಊರಿನವರಿಗೆ ಅದು ಹೊಸತಾಗಿರಲಿಕ್ಕಿಲ್ಲ. ಫೀಲ್ಡಿಯ ಬೇಸ್ ಗಿಟಾರನ್ನೂ ಗಮನಿಸಿ, ತಂತಿವಾದ್ಯ ಟಕಟಕ ಅಂತ ತಾಳವಾದ್ಯದ ಕೆಲಸ ಮಾಡುತ್ತದೆ. ಬ್ಯಾಂಡಿನ ಉಳಿದಿಬ್ಬರು ಗಿಟಾರಿನವರದು ಏಳು ತಂತಿಯ ಗಿಟಾರು, ಆ ಗುಡುಗು ಬರುವುದು ಅಲ್ಲಿಂದ.

ಕೊನೆಯದು ನಾಗಸ್ವರ ಅಲ್ಲ, ಬ್ಯಾಗ್‌ಪೈಪು. ಊದುವವನೂ ಡೇವಿಸನೇ. ಚೀಲದ ಗಾಳಿಯಲ್ಲಿ ಒಂದೇ ಸ್ವರ ಬಿಡದೆ ಹಿಡಿದಿರುತ್ತದೆ, ನಾಗಸ್ವರದ ಪಕ್ಕದ ಒತ್ತಿನ ಹಾಗೆ. ನಿಮಗೆ ಭ್ರಮೆ ಆದದ್ದು ಅದರಿಂದಲೇ ಇರಬೇಕು. ಹಾಡು ಮುಗಿಯಿತೆಂದು ನಿಲ್ಲಿಸಬೇಡಿ, ಸುಮ್ಮನೆ ಬಿಟ್ಟರೆ ಪಟ್ಟಿಯಲ್ಲಿಲ್ಲದ ತಮಾಷೆಯ ಹಾಡೊಂದು ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಅಜ್ಜಿ ಇದ್ದಾರೆ. ಇದನ್ನು ಜೋರಾಗಿ ಹಾಕಬಹುದೇ?
– ಇನ್ನೊಬ್ಬರು, ಪೆರ್ಲ

‘ಆಲ್ ಇನ್ ದ ಫ್ಯಾಮಿಲಿ’ ಎಂಬ ಹೆಸರು ನೋಡಿ ಕುಟುಂಬದ ಹಾಡು ಅಂದುಕೊಳ್ಳಬೇಡಿ. ಅದರಲ್ಲಿ ಡೇವಿಸ್ ಮತ್ತು ಲಿಂಪ್ ಬಿಜ್ಕಿಟ್ ಬ್ಯಾಂಡಿನ ಗಾಯಕ ಫ್ರೆಡ್ ಡರ್ಸ್ಟ್ ಒಬ್ಬರಿಗೊಬ್ಬರು ಬೈದುಕೊಳ್ಳುವುದು ಬಿಟ್ಟರೆ ಬೇರೇನಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಹಾಕಿ. ಬರುತ್ತದಾದರೆ ಮೊದಲ ಹನ್ನೆರಡು ಟ್ರ್ಯಾಕ್ ಮಾತ್ರ.